ಹಾರುವ ತಟ್ಟೆಯೂ ಚರಗದ ತಂಬಿಗೆಯೂ

ನಾನು ಯಾರ ಏಳಿಗೆಯನ್ನೂ ಕಂಡು ಕರುಬುವವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಪೂರ್ತಿ ಓದಿದ ಮೇಲೆ ಹೇಳಿದರೆ ನೀವು ನಂಬುವುದಿಲ್ಲ. ನನ್ನ ಜೊತೆ ಕೆಲಸಕ್ಕೆ ಸೇರಿದವರೆಲ್ಲ ಸ್ಟೇಷನ್ ಮಾಸ್ಟರಾದರು. ನಾನು ವಾಡಿ ಜಂಕ್ಷನ್ನಿನ ಟಿಕೆಟ್ ಕಿಟಕಿಯ ಹಿಂದೆಯೇ ಉಳಿದೆ. ಕರುಬಲಿಲ್ಲ. ಪಕ್ಕದ ಮನೆಯವರು ರೇಡಿಯೋ ತಂದು ನಮ್ಮ ಮನೆಯ ಪಾತ್ರೆಗಳು ಅದುರುವಷ್ಟು ಜೋರಾಗಿ ಹಾಕಿದರು. ಕರುಬಲಿಲ್ಲ, ಪುಕ್ಕಟೆ ಕೇಳಿದೆ. ಆದರೆ ನನ್ನ ಹೆಂಡತಿಯ ತಂಗಿಯ ಗಂಡ, ಅಂದರೆ ನನ್ನ ಷಡ್ಡಕ ಪ್ರಭು, ಆಕಾಶದಲ್ಲಿ ಹಾರುವ ತಟ್ಟೆ ನೋಡಿದನೆಂಬ ಸುದ್ದಿ ಬಂದ ದಿನ ಮಾತ್ರ ನನ್ನ ಹೊಟ್ಟೆಯೊಳಗೆ ಕಿಚ್ಚು ಬಿತ್ತು. ಅದು ಇನ್ನೂ ಆರಿಲ್ಲ.

ಪ್ರಭು ಮುಂಬಯಿಯಲ್ಲಿ ವಿಮಾನದ ಕಂಪನಿಯೊಂದರಲ್ಲಿದ್ದ. ವಿಮಾನ ಓಡಿಸುತ್ತಿರಲಿಲ್ಲ, ಒಳಗೆ ಕೂತವರಿಗೆ ಚಹಾ ಕಾಫಿ ಊಟ ಕೊಡುತ್ತಿದ್ದ. ನಮ್ಮ ವಾಡಿ ಪ್ಲಾಟ್‌ಫಾರ್ಮಿನಲ್ಲೂ ಆ ಕೆಲಸ ಮಾಡುವವರಿದ್ದಾರೆ, ಯಾರೂ ಅವರಿಗೆ ಕೋಟು ಟೈ ಕೊಟ್ಟಿಲ್ಲ. ನೆಲದಿಂದ ಸ್ವಲ್ಪ ಮೇಲೆ ಹೋಗಿ ಅದೇ ಚಹಾ ಕೊಟ್ಟರೆ ಎಷ್ಟು ಮರ್ಯಾದೆ! ನಾನು ಹೆಂಡತಿ ಜಗದೇವಿಗೆ ಇದನ್ನು ತುಂಬ ತರ್ಕಬದ್ಧವಾಗಿ ವಿವರಿಸಿದ್ದೆ.

"ನಿಮ್ಮ ರೈಲೂ ಸ್ವಲ್ಪ ಮ್ಯಾಲ ಹಾರಸ್ರಿ, ನಿಮಗೂ ಮರ್ಯಾದಿ ಸಿಗ್ತದ" ಎಂದಳು.

ವಿಮಾನ ನೆಲ ಬಿಟ್ಟರೆ ಪ್ರಯಾಣ, ರೈಲು ನೆಲ ಬಿಟ್ಟರೆ ವಿಚಾರಣೆ. ಈ ಸೂಕ್ಷ್ಮ ಅವಳಿಗೆ ತಿಳಿಯಲಿಲ್ಲ.

ನಮ್ಮ ಮಾವ ವೀರಭದ್ರಪ್ಪನವರು ಚಿಂಚೋಳಿ ತಾಲ್ಲೂಕಿನ ಕೊಡ್ಲಿಯವರು. ಕರಿ ಮಣ್ಣಿನ ಹೊಲ, ತೊಗರಿ, ಜೋಳ, ಇಬ್ಬರು ಹೆಣ್ಣುಮಕ್ಕಳು, ಗಂಡುಮಕ್ಕಳಿಲ್ಲ. ಹಾಗಾಗಿ ಮನೆಯ ಮರ್ಯಾದೆಯೆಲ್ಲ ಅಳಿಯಂದಿರ ನಡುವೆ ಹಂಚಿಕೆಯಾಗಬೇಕು. ನನ್ನ ಪಾಲಿಗೆ ಬಂದದ್ದು ಚರಗದ ತಂಬಿಗೆ.

ಎಳ್ಳಮಾವಾಸ್ಯೆಯ ದಿನ ನಮ್ಮ ಕಡೆ ಊರಿಗೆ ಊರೇ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಐದು ಕಲ್ಲಿಟ್ಟು ಸುಣ್ಣ ಬಳಿದು ಪಾಂಡವರೆಂದು ಪೂಜೆ ಮಾಡುತ್ತಾರೆ. ಆಮೇಲೆ ಯಜಮಾನ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲಸಿಕೊಂಡು ಭೂಮ್ತಾಯಿಗೆ ಉಣಿಸುವಂತೆ ಹೊಲದ ತುಂಬ ಚೆಲ್ಲುತ್ತ ಹೋಗುತ್ತಾನೆ. ಅದೇ ಚರಗ. ಮಾವನ ಮನೆಯ ಪದ್ಧತಿಯಲ್ಲಿ ಅವರ ಹಿಂದೆ ಹಿರಿಯ ಅಳಿಯ ಹಿತ್ತಾಳೆ ತಂಬಿಗೆ ಹಿಡಿದು ನೀರು ಚಿಮುಕಿಸುತ್ತ ನಡೆಯಬೇಕು. ಅವನ ಹಿಂದೆ ಉಳಿದ ಎಲ್ಲರೂ. ತಂಬಿಗೆ ಮಾವನ ಅಜ್ಜನ ಕಾಲದ್ದು. ವರ್ಷವಿಡೀ ಕಿಟಕಿಯ ತೂತಿನಿಂದ ಬೈಸಿಕೊಳ್ಳುವ ನನಗೆ ಒಂದು ದಿನವಾದರೂ ಜನ ನನ್ನ ಹಿಂದೆ ನಡೆಯುತ್ತಿದ್ದರು. ನನ್ನ ಬಾಳಿನಲ್ಲಿ ಇದ್ದ ಪದವಿ ಅದೊಂದೇ.

ಆ ವರ್ಷ ದೀಪಾವಳಿಗೆ ಕೊಡ್ಲಿಗೆ ಹೋದೆವು. ಹೊಸ್ತಿಲು ದಾಟುವಾಗಲೇ ಗೊತ್ತಾಯಿತು, ಏನೋ ಆಗಿದೆ ಎಂದು. ಪಡಸಾಲೆ ತುಂಬ ಜನ. ನಡುವೆ ಲೋಡಿಗೆ ಒರಗಿ ಪ್ರಭು. ಮಾವ ನನ್ನನ್ನು ನೋಡಿ, "ಬರ್ರಿ, ಬರ್ರಿ, ಕುಂದ್ರಿ" ಎಂದವರೇ ಅವನ ಕಡೆ ತಿರುಗಿದರು. "ಮತ್ತೊಮ್ಮೆ ಮೊದಲಿಂದ ಹೇಳ್ರಿ ಅಳಿಯಾರ, ಇವರು ಈಗ ಬಂದಾರ."

ಪ್ರಭು ಹೇಳಿದ: "ಅರಬೀ ಸಮುದ್ರದ ಮ್ಯಾಲ ಬರ್ಲಿಕತ್ತಿದ್ವಿರಿ. ಇನ್ನೂ ಬೆಳಗಾಗಿರಲಿಲ್ಲ. ಕ್ಯಾಪ್ಟನ್‌ಗ ಕಾಫಿ ಕೊಡ್ಲಿಕ್ಕ ಮುಂದ ಹೋದೆ. ಅವರು ಕಪ್ಪು ತಗೊಳ್ಳಿಲ್ಲ. ಬಾಯಿ ತಕ್ಕೊಂಡು ಹೊರಗ ನೋಡ್ಲಿಕತ್ತಿದ್ರು. ನಾನೂ ನೋಡಿದೆ. ಹಳದಿ ಬೆಳಕು! ನಾವು ಎಷ್ಟು ಜೋರ ಹೋದ್ರೂ ನಮ್ಮ ಜೋಡಿನೇ ಬರ್ತಿತ್ತು. ಆಮ್ಯಾಲ ಮೋಡದಾಗ ಹೋಗಿ ಮಾಯ ಆತ್ರಿ."

"ಮುಂದ?" ಎಂದರು ಯಾರೋ.

"ಮುಂದ ಏನಿಲ್ಲ. ಎಲ್ಲಾರೂ ಸುಮ್ಮನಾದ್ವಿ. ಇಂಥದ್ದು ಕಂಡ್ರ ವಿಮಾನದವರು ಹೇಳಂಗಿಲ್ರಿ. ಹೇಳಿದ್ರ ಮೊದಲು ಕಣ್ಣಿನ ಡಾಕ್ಟರ್ ಕಡಿ ಕಳಸ್ತಾರ."

ಪಡಸಾಲೆಯೆಲ್ಲ ನಕ್ಕಿತು. ಈ ಕಣ್ಣಿನ ಡಾಕ್ಟರನ್ನು ದಯವಿಟ್ಟು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತಾರೆ. ಅತ್ತೆ ಉಪ್ಪು ಮೆಣಸಿನಕಾಯಿ ತಂದು ಪ್ರಭುವಿಗೆ ದೃಷ್ಟಿ ತೆಗೆದರು. ನಾನು ಅವನನ್ನು ನೋಡುತ್ತಿದ್ದ ರೀತಿ ಅವರ ಕಣ್ಣಿಗೆ ಬಿದ್ದಿರಬೇಕು.

"ಹಕ್ಕಿ ಇರಬೇಕು" ಎಂದೆ ನಾನು, ಬಹಳ ಸಾವಧಾನವಾಗಿ.

"ಹಕ್ಕಿಗಿ ದೀಪ ಇರ್ತದೇನ್ರಿ?" ಎಂದಳು ನನ್ನ ಹೆಂಡತಿ. ನನ್ನ ಸ್ವಂತ ಹೆಂಡತಿ!

ಜನ ಮತ್ತೆ ನಕ್ಕರು. ಮಾತು ಬೇರೆ ಕಡೆ ತಿರುಗಲೆಂದು ನಾನು ಒಮ್ಮೆ ಟಿಕೆಟ್ ಕೋಣೆಯಲ್ಲಿ ಎರಡು ಬಾಲದ ಹಲ್ಲಿ ಕಂಡ ಪ್ರಸಂಗ ಶುರುಮಾಡಿದೆ. ಹಲ್ಲಿ ಗೋಡೆ ಹತ್ತುವಷ್ಟರಲ್ಲಿ ಮಾವ, "ಸ್ವಲ್ಪ ಕಾಲು ಸರಸ್ರಿ ಅಳಿಯಾರ, ಪ್ರಭು ಅಳಿಯಾರಿಗಿ ದಿಂಬು ಇಡಬೇಕು" ಎಂದರು. ನಾನು ಕಾಲು ಸರಿಸಿದೆ. ಎರಡು ಬಾಲದ ಕಥೆ ಅಲ್ಲಿಗೆ ಬಾಲ ಮುದುರಿತು.

ವಾಡಿಗೆ ಮರಳಿದ ಮೇಲೆ ನಾನೊಂದು ನಿರ್ಧಾರಕ್ಕೆ ಬಂದೆ. ಆಕಾಶವೇನು ವಿಮಾನದವರ ಅಪ್ಪನ ಆಸ್ತಿಯಲ್ಲ. ನಮ್ಮ ಮನೆಯ ಮೇಲೂ ಇದೆ. ಕೆಲಸ ಮುಗಿಸಿ ಬಂದವನೇ ಚಹಾದ ಲೋಟ ಹಿಡಿದು ಮಾಳಿಗೆ ಹತ್ತತೊಡಗಿದೆ. ಸಿಮೆಂಟಿನ ಧೂಳಿನಲ್ಲಿ ನಮ್ಮೂರ ಆಕಾಶ ಸ್ಪಷ್ಟವಾಗಿ ಕಾಣುವುದು ಕಡಿಮೆ. ಆದರೂ ಛಲ ಬಿಡಲಿಲ್ಲ. ಹಾಗೆ ನೋಡುತ್ತಿದ್ದಾಗ ಒಂದು ಸಂಜೆ ಮಂಜಿನೊಳಗಿಂದ ಕೆಂಪು ಬೆಳಕೊಂದು ಕಂಡಿತು. ನೆಲಕ್ಕೆ ತಾಗದೆ, ಆಕಾಶಕ್ಕೂ ಏರದೆ, ನಡುವೆ ನಿಂತಿತ್ತು! ನನ್ನ ಎದೆ ಇಂಜಿನ್ನಿನಂತೆ ಹೊಡೆದುಕೊಂಡಿತು.

"ಬರ್ರಿ! ಎಲ್ಲಾರೂ ಬರ್ರಿ! ಬಂದದ!" ಎಂದು ಕೂಗಿದೆ.

ಓಣಿಯೆಲ್ಲ ಮಾಳಿಗೆ ಹತ್ತಿತು. ನಾನು ರಾಜಗಾಂಭೀರ್ಯದಿಂದ ಬೆರಳು ತೋರಿಸಿದೆ. ಎಲ್ಲರೂ ನೋಡಿದರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು.

"ಅದು ಕಾರ್ಖಾನಿ ಚಿಮಣಿ ಮ್ಯಾಗಿನ ಲೈಟ್ ಅಲ್ಲೇನ್ರಿ?" ಎಂದರು ಪಕ್ಕದ ಮನೆಯ ರೇಡಿಯೋದವರು. "ನಾವು ಈ ಮನಿಗಿ ಬಂದಾಗಿಂದ ಅಲ್ಲೇ ಅದ."

ಮರುದಿನದಿಂದ ಟಿಕೆಟ್ ಕಿಟಕಿಗೆ ಬಂದ ಪರಿಚಯದವರೆಲ್ಲ, "ಚಂದ್ರಲೋಕಕ್ಕ ಒಂದು ಸೆಕೆಂಡ್ ಕ್ಲಾಸ್" ಎಂದು ಕೇಳತೊಡಗಿದರು.

ಇದನ್ನೂ ನುಂಗಿಕೊಂಡಿದ್ದೆ. ಆದರೆ ಎಳ್ಳಮಾವಾಸ್ಯೆ ಹತ್ತಿರ ಬಂದಾಗ ಸೇಡಂ ಬಸ್ಸಿನಲ್ಲಿ ಬಂದ ಕೊಡ್ಲಿಯವರೊಬ್ಬರು ರೈಲಿನ ಟಿಕೆಟ್ ತೆಗೆದುಕೊಳ್ಳುತ್ತ ಕಿಟಕಿಯೊಳಗೆ ಒಂದು ಬಾಂಬು ಹಾಕಿದರು. "ಈ ಸಲ ಚರಗದ ತಂಬಿಗಿ ಸಣ್ಣ ಅಳಿಯಾರ ಕೈಯಾಗ ಕೊಡ್ತಾರಂತ. ಆಕಾಶದವರನ್ನ ಕಂಡ ಮನಷ್ಯಾ, ಆ ಕೈಲೆ ನೀರು ಬಿದ್ರ ಬೆಳಿ ಚಲೋ ಬರ್ತದ ಅಂತ ನಿಮ್ಮ ಮಾವಾರು ಅಂದ್ರು."

ಆ ದಿನ ನಾನು ಟಿಕೆಟ್ ಹೇಗೆ ಕೊಟ್ಟೆನೋ ದೇವರಿಗೇ ಗೊತ್ತು. ತಂಬಿಗೆ ಹೋಯಿತೆಂದರೆ ನಾನೇನು? ಹಬ್ಬಕ್ಕೆ ಬಂದು ಉಂಡು ಹೋಗುವ ಒಬ್ಬ ಗಿರಾಕಿ! ಅಸೂಯೆಯೆಂದರೆ ಅದು, ಒಲೆಯ ಮೇಲಿಟ್ಟು ಮರೆತ ಹಾಲಿನಂತೆ ಉಕ್ಕಿ ಉಕ್ಕಿ ಬಂತು. ತಟ್ಟೆ ನೋಡಿದವನಿಗೆ ತಂಬಿಗೆ ಸಿಗುವುದಾದರೆ ನಾನೂ ತಟ್ಟೆ ನೋಡಲೇಬೇಕು. ಅದೂ ಕೊಡ್ಲಿಯಲ್ಲೇ, ಮಾವನ ಎದುರಿಗೇ!

ನಮ್ಮ ಓಣಿಯಲ್ಲಿ ಖಾಜಾಸಾಬ್ ಎಂಬ ಗೆಳೆಯರಿದ್ದರು. ಮದುವೆ ಮೆರವಣಿಗೆಗಳಿಗೆ ಗ್ಯಾಸ್ ಬತ್ತಿ ಬಾಡಿಗೆಗೆ ಕೊಡುತ್ತಿದ್ದರು, ಗಾಳಿಪಟ ಕಟ್ಟುತ್ತಿದ್ದರು, ದರ್ಗಾದ ಉರುಸಿನಲ್ಲಿ ಕಾಗದದ ಗುಬ್ಬಾರ ಹಾರಿಸುತ್ತಿದ್ದರು. ತೆಳು ಬಣ್ಣದ ಕಾಗದ ಅಂಟಿಸಿ ಮಾಡಿದ ಆಳೆತ್ತರದ ಚೀಲ. ಕೆಳಗೆ ತಂತಿಗೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯ ಉಂಡೆ. ಅದು ಉರಿದಂತೆ ಬಿಸಿ ಹೊಗೆ ತುಂಬಿ ಗುಬ್ಬಾರ ಉಬ್ಬುತ್ತದೆ, ಬೆಳಗುತ್ತ ಮೇಲೇರುತ್ತದೆ.

ಖಾಜಾಸಾಬ್ ನನ್ನ ಅಳಲನ್ನೆಲ್ಲ ಕೇಳಿ ಗಡ್ಡ ನೀವಿಕೊಂಡರು. "ಬಾಬು ಸಾಬ್, ಒಂದು ತಂಬಿಗಿ ಸಲುವಾಗಿ ಇಷ್ಟು ತಕಲೀಫ್ ಯಾಕ? ಬಜಾರದಾಗ ಹೊಸಾದು ಸಿಗ್ತದಲ್ಲ?"

"ತಂಬಿಗಿ ಅಲ್ಲ ಖಾಜಾಸಾಬ್, ಇಜ್ಜತ್ತಿನ ಪ್ರಶ್ನಿ!"

ಮಾನದ ಮಾತು ಬಂದ ಮೇಲೆ ಅವರು ಒಪ್ಪಿಕೊಂಡರು. ಕೊಡ್ಲಿಯಲ್ಲಿ ಅವರಿಗೆ ಬೀಗರಿದ್ದರು, ಹೋಗಲಿಕ್ಕೆ ನೆಪವೂ ಸಿಕ್ಕಿತು.

"ಯಾವ ಬಣ್ಣ ಬೇಕು?" ಎಂದು ಕೇಳಿದರು.

"ಹಳದಿ" ಎಂದೆ. ಇಲ್ಲಿ ಓದುಗರು ಒಂದು ಕ್ಷಣ ನಿಲ್ಲಬೇಕು. ಹಸಿರು ಎನ್ನಬಹುದಿತ್ತು, ಕೆಂಪು ಎನ್ನಬಹುದಿತ್ತು. ಆಗ ಆ ತಟ್ಟೆ ನನ್ನದಾಗುತ್ತಿತ್ತು. ಆದರೆ ನನ್ನ ತಲೆಯಲ್ಲಿ ಪ್ರಭುವಿನ ತಟ್ಟೆ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ತಟ್ಟೆಯೆಂದರೆ ಹಳದಿಯೇ ಎಂದು ನಾನೂ ನಂಬಿಬಿಟ್ಟಿದ್ದೆ.

ಯೋಜನೆ ಸರಳವಾಗಿತ್ತು. ಖಾಜಾಸಾಬ್ ಹೊಲದ ಅಂಚಿನ ಹಳ್ಳದ ಆಚೆ ಗುಬ್ಬಾರ ಹಿಡಿದು ಕೂತಿರಬೇಕು. ಹೊತ್ತು ಮುಳುಗಿ ಗಾಡಿ ಹೂಡುವ ವೇಳೆಗೆ ನಾನು ಹಸಿರು ಟವೆಲ್ ಬೀಸಬೇಕು. ರೈಲ್ವೆಯವನ ಬುದ್ಧಿ ನೋಡಿ, ಹಸಿರು ಬೀಸಿದರೆ ಬಿಡು! ಗುಬ್ಬಾರ ಏಳುತ್ತಿದ್ದಂತೆ ಎಲ್ಲರಿಗಿಂತ ಮೊದಲು ನಾನು "ಅಲ್ನೋಡ್ರಿ!" ಎನ್ನಬೇಕು. ಆ ಒಂದು ಮಾತನ್ನು ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿದೆ. ಕಣ್ಣು ಅರಳಿಸಿ, ಬಾಯಿ ತೆರೆದು, ಕೈ ಚಾಚಿ.

ಜಗದೇವಿ ಬಾಗಿಲಲ್ಲಿ ನಿಂತು ನೋಡಿದಳು. "ಹಲ್ಲು ನೋಯ್ಲಿಕತ್ತದೇನ್ರಿ? ಲವಂಗ ಕೊಡ್ಲಾ?"

ಎಳ್ಳಮಾವಾಸ್ಯೆ ಬಂತು. ಹೊಲದಲ್ಲಿ ತೊಗರಿ ಆಳುದ್ದ ನಿಂತಿತ್ತು. ಪಾಂಡವರ ಪೂಜೆಯಾಯಿತು. ಮಾವ ಚರಗದ ಬುಟ್ಟಿ ಎತ್ತಿಕೊಂಡರು. ತಿಕ್ಕಿ ತಿಕ್ಕಿ ಬಂಗಾರದಂತೆ ಹೊಳೆಯುತ್ತಿದ್ದ ನನ್ನ ತಂಬಿಗೆಯನ್ನು ಅತ್ತೆ ಪ್ರಭುವಿನ ಕೈಗಿಟ್ಟರು. ನಾನು ಅಭ್ಯಾಸಬಲದಿಂದ ಕೈ ಚಾಚಿಬಿಟ್ಟಿದ್ದೆ. ಚಾಚಿದ ಕೈಯನ್ನು ಏನು ಮಾಡುವುದು? ತಲೆ ಕೆರೆದುಕೊಂಡೆ.

"ಅಳಿಯಾರ" ಎಂದರು ಅತ್ತೆ ಪ್ರೀತಿಯಿಂದ, "ನೀವು ಇಲ್ಲೇ ಚಪ್ಪಲ್ ಕಡಿ ನಿಂದ್ರಿ. ನಾಯಿ ಒಯ್ತಾವ."

ಮೆರವಣಿಗೆ ಹೊರಟಿತು. ಮಾವ ಮುಂದೆ, ಪ್ರಭು ಹಿಂದೆ, ಅವನ ಹಿಂದೆ ಬಂಧುಬಳಗ. ನಾನು ಎಲ್ಲರ ಚಪ್ಪಲಿಗಳ ನಡುವೆ ನಿಂತಿದ್ದೆ. ಪ್ರಭುವಿಗೆ ನೀರು ಚಿಮುಕಿಸಲೂ ಬರುತ್ತಿರಲಿಲ್ಲ. ಅರ್ಧ ನೀರು ಮಾವನ ಧೋತರದ ಮೇಲೇ ಬಿತ್ತು. "ಎಷ್ಟು ಚಂದ ಚಿಮುಕಸ್ತಾರ!" ಎಂದು ಹೆಣ್ಣುಮಕ್ಕಳು ಹೊಗಳಿದರು. ನಾನು ಅಷ್ಟು ವರ್ಷ ಒಂದು ಹನಿ ಆಚೀಚೆ ಬೀಳದಂತೆ ಚಿಮುಕಿಸಿದ್ದೇನೆ, ಒಬ್ಬರಾದರೂ ಬಾಯಿಬಿಟ್ಟಿದ್ದರೆ ಕೇಳಿ! ನನಗೆ ಅಳು ಬಂತು. ಒಂದು ನಾಯಿ ಬಂದು ನಿಜಕ್ಕೂ ಚಪ್ಪಲಿ ಮೂಸಿತು. ಅದನ್ನು ಓಡಿಸಿ ನನ್ನ ಕರ್ತವ್ಯ ಪಾಲಿಸಿದೆ.

ಊಟಕ್ಕೆ ಕೂತೆವು. ಸಜ್ಜೆ ರೊಟ್ಟಿ, ಕಡುಬು, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾದ ಹೋಳಿಗೆ, ಹಸಿ ತೊಗರಿ, ಕಡಲೆ, ಸೊಪ್ಪು ಎಲ್ಲ ಹಾಕಿ ಕುದಿಸಿದ ಭಜ್ಜಿ. ಅತ್ತೆ ಮೊದಲ ಸೌಟು ಪ್ರಭುವಿಗೆ ಬಡಿಸಿದರು. ಅವನು, "ಸಾಕ್ರಿ ಅತ್ತಿ" ಎಂದು ಕೈ ಅಡ್ಡ ಹಿಡಿದ. ಮುಂಬಯಿ ಹೊಟ್ಟೆ! ಊಟದಲ್ಲಾದರೂ ಹಿರಿಯ ಅಳಿಯ ಯಾರೆಂದು ತೋರಿಸುವ ಅವಕಾಶ ನನಗೆ ಸಿಕ್ಕಿತು.

"ನನಗ ಹಾಕ್ರಿ" ಎಂದೆ. ಹಾಕಿದರು. "ಇನ್ನೂ ಹಾಕ್ರಿ" ಎಂದೆ. ಹೋಳಿಗೆಗೆ ತುಪ್ಪ ಸುರಿಸಿಕೊಂಡೆ. ಜಗದೇವಿ ಕಣ್ಣಲ್ಲೇ ತಡೆದಳು. ನಾನು ಆ ಸಿಗ್ನಲ್ ದಾಟಿ ಮುಂದೆ ಹೋದೆ. ಜನ ತಿರುಗಿ ನೋಡತೊಡಗಿದರು. ಬಹಳ ದಿನಗಳ ಮೇಲೆ ಜನ ನನ್ನನ್ನು ನೋಡುತ್ತಿದ್ದರು. ಅದೇ ಖುಷಿಯಲ್ಲಿ ಇನ್ನೊಂದು ಕಡುಬು ತಿಂದೆ.

ಕೈ ತೊಳೆಯುವಾಗ ಪ್ರಭು ಹತ್ತಿರ ಬಂದ. ಮುಖ ಸಪ್ಪಗಿತ್ತು. "ಅಣ್ಣಾರ, ನಿಮ್ಮ ಜೋಡಿ ಒಂದು ಮಾತು ಅದರಿ. ಆ ಬೆಳಕಿನ ವಿಷಯ..."

ಮತ್ತೆ ಅದೇ ಪುರಾಣ! "ನನಗ ಈಗ ಪುರಸತ್ತಿಲ್ಲ" ಎಂದು ಮೇಲಧಿಕಾರಿಯ ಧಾಟಿಯಲ್ಲಿ ಹೇಳಿ ಹೊರಟುಹೋದೆ. ಹೊಲದ ನಡುವೆ ನನಗೇನು ಕೆಲಸವಿತ್ತೋ ಅವನು ಕೇಳಲಿಲ್ಲ.

ಹೊತ್ತು ಇಳಿಯಿತು. ಹಳ್ಳದ ಆಚೆ ಖಾಜಾಸಾಬರ ಬಿಳಿ ಟೋಪಿ ಕಂಡು ಸಮಾಧಾನವಾಯಿತು. ಎಲ್ಲ ನನ್ನ ಲೆಕ್ಕದಂತೆಯೇ ನಡೆದಿತ್ತು. ಲೆಕ್ಕಕ್ಕೆ ಬಾರದೆ ಉಳಿದದ್ದು ಭಜ್ಜಿ. ಹೊಟ್ಟೆಯಲ್ಲಿ ಮೊದಲು ಗೂಡ್ಸ್ ಗಾಡಿ ಶಂಟಿಂಗ್ ಮಾಡಿದಂತಾಯಿತು. ಆಮೇಲೆ ಎಕ್ಸ್‌ಪ್ರೆಸ್ ಬರುವ ಸೂಚನೆ ಕೇಳಿಸಿತು. ಹೊಟ್ಟೆಕಿಚ್ಚು, ಸಜ್ಜೆ ಕಡುಬು ಎರಡನ್ನೂ ಒಂದೇ ಹೊಟ್ಟೆ ಎಷ್ಟು ಹೊತ್ತು ತಾಳೀತು?

ನೀರು ಬೇಕು! ಬಿಂದಿಗೆಗಳೆಲ್ಲ ಗಾಡಿಯ ಬಳಿ, ಹೆಂಗಸರ ನಡುವೆ. ಸುತ್ತ ನೋಡಿದೆ. ಪಾಂಡವರ ಕಲ್ಲಿನ ಪಕ್ಕದಲ್ಲಿ, ಚರಗ ಮುಗಿದ ಮೇಲೆ ತುಂಬಿಸಿಟ್ಟ ಹಿತ್ತಾಳೆ ತಂಬಿಗೆ ಥಳಥಳಿಸುತ್ತಿತ್ತು. ಯೋಚನೆ ಮಾಡುವ ಸ್ಥಿತಿ ಮೀರಿತ್ತು. ಎತ್ತಿಕೊಂಡು ಓಡಿದೆ.

ಅಂತೂ ಚರಗದ ತಂಬಿಗೆ ನನ್ನ ಕೈಗೇ ಬಂತು!

ಹಳ್ಳದ ದಂಡೆಗೆ ಒಂದು ದಟ್ಟವಾದ ಜಾಲಿ ಗಿಡವಿತ್ತು. ಅದರ ಕೆಳಗೆ, ತೊಗರಿಯ ಮರೆಯಲ್ಲಿ ಆಶ್ರಯ ಪಡೆದೆ. ಪ್ರಾಣ ಬಂದಂತಾಗಿ ಕಣ್ಣು ಮುಚ್ಚಿದೆ. ಕಣ್ಣು ತೆರೆದರೆ ಎದುರಿಗೆ ಮಾವನ ಹೋರಿ! ಹಗ್ಗ ಬಿಚ್ಚಿಕೊಂಡು ಬಂದು ನನ್ನನ್ನೇ ನೋಡುತ್ತ, ಮೂಗರಳಿಸಿ, ಒಂದೊಂದೇ ಹೆಜ್ಜೆ ಹತ್ತಿರ ಬರುತ್ತಿತ್ತು. ಏಳುವಂತಿಲ್ಲ, ಕೂಗುವಂತಿಲ್ಲ. ಹೆಗಲ ಮೇಲಿದ್ದ ಟವೆಲ್ ತೆಗೆದು "ಹೋಯ್, ಹೋಯ್" ಎಂದು ಮೆಲುದನಿಯಲ್ಲೇ ಗದರಿಸುತ್ತ ಜೋರಾಗಿ ಬೀಸಿದೆ.

ಯಾವ ಟವೆಲ್ ಎಂದು ಹೇಳಬೇಕಿಲ್ಲ.

ಹಳ್ಳದ ಆಚೆ ಕೂತಿದ್ದ ಖಾಜಾಸಾಬರು ತೊಗರಿಯ ಸಂದಿನಲ್ಲಿ ಹಸಿರು ಟವೆಲ್ ಆಡಿದ್ದು ಕಂಡು ಕಡ್ಡಿ ಗೀರಿದರು. ನಮ್ಮ ಕಡೆಯ ಗಾಡಿಗಳಿಗೆ ಇಷ್ಟು ಚುರುಕಾಗಿ ಸಿಗ್ನಲ್ ಪಾಲಿಸುವವರು ಸಿಕ್ಕಿದ್ದರೆ!

ಮೊದಲು ಕೇಳಿಸಿದ್ದು ಅತ್ತೆಯ ಕಿರುಚು. ಆಮೇಲೆ ಮಾವನ ದನಿ: "ಬಂತು! ಅಳಿಯಾರ ಹೇಳಿದ್ದೇ ಬಂತು!" ಆಮೇಲೆ ಹೊಲಕ್ಕೆ ಹೊಲವೇ ಎದ್ದು ಕೂಗಿದ್ದು. ಅಕ್ಕಪಕ್ಕದ ಹೊಲಗಳಲ್ಲೂ ಗದ್ದಲ, ಎತ್ತುಗಳ ಗಂಟೆ, ಮಕ್ಕಳ ಕೇಕೆ. ಹೋರಿ ಬೆದರಿ ಓಡಿತು. ನಾನು ತಲೆಯೆತ್ತಿದೆ. ಮೇಲೆ ಜಾಲಿ, ಬರೀ ಜಾಲಿ. ಹಾರಿ ಎದ್ದೆ. ಮುಳ್ಳು ಧೋತರವನ್ನು ಹಿಡಿದು ಮತ್ತೆ ಕೂರಿಸಿತು. ಬಿಡಿಸಿಕೊಂಡೆ, ಇನ್ನೊಂದು ಕಡೆ ಸಿಕ್ಕಿತು. ಕಾಲು ತಾಗಿ ತಂಬಿಗೆ ಉರುಳಿತು, ಟಣ್ ಟಣ್ ಎನ್ನುತ್ತ ಹಳ್ಳದ ಬಿರುಕಿನೊಳಗೆ ಎಲ್ಲಿಗೋ ಹೋಗಿ ಮೌನವಾಯಿತು. ಧೋತರದ ಒಂದು ಚೂರನ್ನು ಜಾಲಿಗೆ ಬಿಟ್ಟುಕೊಟ್ಟು ತೊಗರಿ ಸೀಳಿಕೊಂಡು ಹೊರಗೆ ಬರುವಷ್ಟರಲ್ಲಿ ಆಕಾಶ ಬೋಳಾಗಿತ್ತು.

ನಾನು ಮಾಡಿಸಿದ ಗುಬ್ಬಾರ! ಬಣ್ಣ ಹೇಳಿದವನು ನಾನು, ಸಿಗ್ನಲ್ ಕೊಟ್ಟವನು ನಾನು. ಕೊಡ್ಲಿಯಲ್ಲಿ ಅದನ್ನು ನೋಡದವನೂ ನಾನೊಬ್ಬನೇ!

ಜನ ಪ್ರಭುವನ್ನು ಮುತ್ತಿಕೊಂಡಿದ್ದರು. "ಹಳದಿನೇ ಇತ್ತು! ಹೇಳಿದಂಗೇ ಇತ್ತು!" "ನಿಮ್ಮನ್ನ ಹುಡುಕ್ಕೊಂಡು ಬಂದದ ನೋಡ್ರಿ, ಸಮುದ್ರದ ಮ್ಯಾಲ ಗುರುತಾಗಿತ್ತಲ್ಲ!" ಒಬ್ಬರು ಅವನ ಕಾಲು ಮುಟ್ಟಲು ಬಗ್ಗಿದರು. ನನಗೆ ಉರಿದು ಹೋಯಿತು. ಉರಿದದ್ದು ನನ್ನದೇ ಸೀಮೆಎಣ್ಣೆ, ಬೆಳಕು ಮಾತ್ರ ಅವನ ಮುಖದ ಮೇಲೆ!

ಮಾವ ನನ್ನ ಕಡೆ ತಿರುಗಿದರು. "ಅಳಿಯಾರ, ನೀವೂ ಕಂಡ್ರ್ಯಾ?"

ಆಗ "ಹೌದು, ಕಂಡೆ" ಎಂದು ಎರಡು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅಷ್ಟು ಜನ ಸಾಕ್ಷಿಗಳ ಬಾಲಕ್ಕೆ ಸೇರುವ ಇನ್ನೊಬ್ಬ ಸಾಕ್ಷಿಯಾಗಲು ನನ್ನ ಮನಸ್ಸು ಒಪ್ಪಲಿಲ್ಲ. ಪ್ರಭುವಿನ ಕೀರ್ತಿಗೆ ನಾನು ಸಹಿ ಹಾಕುವುದೇ?

"ಎಲ್ಲಿ? ಏನಿತ್ತು?" ಎಂದೆ. "ನಾ ಆ ಕಡಿಗೇ ನೋಡ್ಕೊಂತ ನಿಂತಿದ್ದೆ. ಅಲ್ಲಿ ಏನೂ ಇರಲಿಲ್ಲ!"

ಎಲ್ಲರೂ ನನ್ನ ಕಣ್ಣುಗಳನ್ನೇ ನೋಡತೊಡಗಿದರು.

"ಅಯ್ಯ ನಮ್ಮವ್ವ" ಎಂದರು ಅತ್ತೆ ಎದೆ ಮೇಲೆ ಕೈಯಿಟ್ಟು, "ಅಷ್ಟು ದೊಡ್ಡದು ಕಾಣಲಿಲ್ಲಂದ್ರ! ಜಗದೇವಿ, ನಿನ್ನ ಗಂಡಗ ಯಾವಾಗಿಂದ ಹಿಂಗಾಗ್ಯಾದ?"

ಜಗದೇವಿಗೆ ಥಟ್ಟನೆ ನೆನಪಾಯಿತು. "ಚಿಮಣಿ ಲೈಟ್ ನೋಡಿ ಬೇರೆ ಏನೋ ಅಂದಿದ್ರವ್ವ. ಆವತ್ತೇ ನನಗ ಗೊತ್ತಾಗಬೇಕಿತ್ತು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಸಾಮಾನು ಗಾಡಿಗೆ ಏರಿಸುವಾಗ ತಂಬಿಗೆ ಇಲ್ಲವೆಂದು ಗೊತ್ತಾಯಿತು. ಹುಡುಕಿದರು. ನಾನೂ ಹುಡುಕಿದೆ, ಎಲ್ಲರಿಗಿಂತ ಹೆಚ್ಚು ಶ್ರದ್ಧೆಯಿಂದ, ಹಳ್ಳದ ಕಡೆಯೊಂದನ್ನು ಬಿಟ್ಟು. ಕೊನೆಗೆ ಮಾವ ಆಕಾಶ ನೋಡಿ ಕೈಮುಗಿದರು. "ಅವರೇ ಒಯ್ದಾರ. ಪ್ರಭು ಅಳಿಯಾರ ಕೈ ಹತ್ತಿದ ತಂಬಿಗಿ ಅಂತ ಒಯ್ದಾರ."

ಎಲ್ಲರೂ ಕೈಮುಗಿದರು. ನಾನೂ ಮುಗಿದೆ. ಆ ತಂಬಿ‌ಗೆಯನ್ನು ನಾನು ಯಾವ ಕೆಲಸಕ್ಕೆ ಒಯ್ದಿದ್ದೆನೆಂದು ಅತ್ತೆಗೆ ಗೊತ್ತಾದರೆ ಕೊಡ್ಲಿಯ ಸೀಮೆ ತುಳಿಯುವಂತಿರಲಿಲ್ಲ.

ಗಾಡಿಗಳು ಹೊರಡುವಾಗ ಖಾಜಾಸಾಬರು ಬೀಗರ ಜೊತೆ ದಾರಿಯಲ್ಲಿ ಸಿಕ್ಕರು. ಹತ್ತಿರ ಬಂದು ಪಿಸುಗುಟ್ಟಿದರು. "ಹ್ಯಾಂಗಿತ್ತು ಬಾಬು ಸಾಬ್? ನನ್ನ ಜಿಂದಗಿನಾಗ ಅಷ್ಟು ಚಂದ ಯಾವುದೂ ಹಾರಿಲ್ಲ!"

"ನಾ ನೋಡ್ಲಿಲ್ಲ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಸಿರು ನೀವೇ ತೋರಸೀರಿ, ಗಾಡಿ ನೀವೇ ನೋಡ್ಲಿಲ್ಲ?"

ಊರಿಗೆ ಮರಳುವ ಗಾಡಿಯಲ್ಲಿ ಪ್ರಭು ನನ್ನ ಪಕ್ಕಕ್ಕೇ ಬಂದು ಕೂತ. ಸಪ್ಪಗಿದ್ದ ಮುಖ ಈಗ ಅರಳಿತ್ತು.

"ಅಣ್ಣಾರ, ಮಧ್ಯಾಹ್ನ ಹೇಳಬೇಕಂತ ಬಂದಿದ್ದೆ. ಹೋದ ವಾರ ನಮ್ಮ ಕ್ಯಾಪ್ಟನ್ ಕರದು ಹೇಳಿದ್ರು, ನಾವು ಕಂಡದ್ದು ಬೆಳ್ಳಿ ಚುಕ್ಕಿ ಅಂತ. ಮೋಡದ ಮ್ಯಾಲಿಂದ ಕೆಲವೊಮ್ಮೆ ಹಂಗ ಕಾಣ್ತದಂತ. ನನಗ ಭಾಳ ನಾಚಿಕಿ ಆಗಿತ್ತರಿ. ಇವತ್ತು ಸಂಜಿಗಿ ಮಾವಾರ ಮುಂದ ಎಲ್ಲಾ ಹೇಳಿ, ತಂಬಿಗಿ ನಿಮಗೇ ವಾಪಸ್ ಕೊಡಸಬೇಕಂತ ಮಾಡಿದ್ದೆ. ಹಿರಿಯರು ನೀವು, ನಿಮ್ಮ ಮಾನ ಅದು."

ನಾನು ಅವನ ಕಡೆಗೆ ಸರಿದು ಕೂತೆ. "ಮತ್ತ ಹೇಳಂಗಿಲ್ಲೇನು? ಈಗಲೂ ಹೇಳಬಹುದಲ್ಲಾ?"

"ಈಗ್ಯಾಕ್ರಿ?" ಎಂದ ಪ್ರಭು ಸಂತೋಷದಿಂದ ನನ್ನ ಕೈ ಹಿಡಿದು. "ಬೆಳ್ಳಿ ಚುಕ್ಕಿ ತೊಗರಿ ಹೊಲದಾಗಿಂದ ಏಳ್ತದೇನ್ರಿ? ಕ್ಯಾಪ್ಟನ್ ಮಾತು ಸುಳ್ಳು, ನನ್ನ ಕಣ್ಣೇ ಖರೇ! ಇಡೀ ಊರೇ ಸಾಕ್ಷಿ ಆಗ್ಯಾದ!"

ಸುಮ್ಮನೆ ಮನೆಯಲ್ಲಿ ಕೂತಿದ್ದರೆ ತಂಬಿಗೆ ತಾನೇ ನಡೆದು ಬರುತ್ತಿತ್ತು. ನಾನು ಕಷ್ಟಪಟ್ಟು, ಉಪಾಯ ಮಾಡಿ, ಹೋರಿಯ ಎದುರು ಜೀವ ಒತ್ತೆಯಿಟ್ಟು ಅದರ ಮಾನವನ್ನು ಅವನಿಗೇ ಶಾಶ್ವತವಾಗಿ ದೊರಕಿಸಿಕೊಟ್ಟಿದ್ದೆ. ಗಾಡಿಯ ಹಿಂದೆ ಪಶ್ಚಿಮದಲ್ಲಿ ಚುಕ್ಕಿಯೊಂದು ಫಳಫಳ ಹೊಳೆಯುತ್ತಿತ್ತು. ಅದರ ಮೇಲೂ ನನಗೆ ಸಿಟ್ಟು ಬಂತು.

ಮಾವ ತಡಮಾಡಲಿಲ್ಲ. ನನ್ನನ್ನು ಗುಲ್ಬರ್ಗಾಕ್ಕೆ ಕರೆದುಕೊಂಡು ಹೋಗಿ ಕಣ್ಣಿನ ಡಾಕ್ಟರ ಮುಂದೆ ಕೂರಿಸಿದರು. ಗೋಡೆಯ ಮೇಲಿನ ಅಕ್ಷರಗಳು, ಅತ್ಯಂತ ಸಣ್ಣ ಸಾಲಿನವೂ, ನನಗೆ ನಿಚ್ಚಳವಾಗಿ ಕಾಣುತ್ತಿದ್ದವು. ಸರಿಯಾಗಿ ಓದೋಣವೆಂದು ಬಾಯಿ ತೆರೆದೆ. ಪಕ್ಕದಲ್ಲೇ ಮಾವ ನಿಂತಿದ್ದರು. ಕಣ್ಣು ಸರಿಯಿದ್ದರೆ ಅವರ ಮುಂದಿನ ಪ್ರಶ್ನೆ ಏನೆಂದು ಹೊಳೆಯಿತು: "ಹಂಗಾದ್ರ ಆವಾಗ ಎಲ್ಲಿದ್ರಿ ಅಳಿಯಾರ?" ಅಲ್ಲಿಂದ ಜಾಲಿ ಗಿಡ, ಜಾಲಿ ಗಿಡದಿಂದ ತಂಬಿಗೆ!

"ಕ" ಎಂಬುದನ್ನು "ಮ" ಎಂದೆ. ದೊಡ್ಡ "ರ"ವನ್ನು ಕಂಡು "ಇದು ಬದನೆಕಾಯಿ ಚಿತ್ರ ಏನ್ರಿ?" ಎಂದೆ. ಮಾವ ನಿಟ್ಟುಸಿರು ಬಿಟ್ಟರು. ಡಾಕ್ಟರು ತಮ್ಮ ಬಳಿಯಿದ್ದ ಗಾಜುಗಳಲ್ಲಿ ದಪ್ಪನೆಯದನ್ನು ಆರಿಸಿದರು.

ಆ ಚಷ್ಮಾ ಹಾಕಿಕೊಂಡ ಮೇಲೆ ನನಗೆ ನಿಜಕ್ಕೂ ಏನೂ ಕಾಣದಾಯಿತು. ರಾಯಚೂರು ಕೇಳಿದವರಿಗೆ ಸೊಲ್ಲಾಪುರದ ಟಿಕೆಟ್ ಕೊಟ್ಟು ಬೈಸಿಕೊಂಡೆ. ಜಗದೇವಿ ಎದುರಿಗಿದ್ದಾಗ ತೆಗೆಯುವಂತಿಲ್ಲ. "ಹಾಕ್ಕೋರಿ, ಅಪ್ಪ ಪ್ರೀತಿಲಿಂದ ಕೊಡಸ್ಯಾನ" ಎನ್ನುತ್ತಾಳೆ. ಮುಂದಿನ ದೀಪಾವಳಿಗೆ ಪ್ರಭುವಿಗೆ ಬಂಗಾರದ ಉಂಗುರ ಬಂತು. ನನಗೂ ಬಂತು, ಚಷ್ಮಾ ಇಡುವ ಡಬ್ಬಿ. ಎಳ್ಳಮಾವಾಸ್ಯೆಗೆ ಮಾವ ಹೊಸ ತಂಬಿಗೆ ಮಾಡಿಸಿ ಅದರ ಮೇಲೆ ಪ್ರಭುವಿನ ಹೆಸರು ಕೊರೆಸಿದ್ದರು. ನಾನು ಯಾರೂ ಹೇಳದೆಯೇ ಚಪ್ಪಲಿಗಳ ಬಳಿ ಹೋಗಿ ನಿಂತೆ. ಅತ್ತೆ ಬಂದು ಕೈಹಿಡಿದು ಗಾಡಿಯ ನೆರಳಿಗೆ ಕರೆದೊಯ್ದರು.

"ನೀವು ಇಲ್ಲಿ ಕುಂದ್ರಿ ಅಳಿಯಾರ. ನಾಯಿ ಬಂದ್ರ ನಿಮಗ ಕಾಣಂಗಿಲ್ಲ."

ಆ ಪದವಿಯೂ ಹೋಯಿತು. ನೆರಳಲ್ಲಿ ಕೂತು ಚಷ್ಮಾ ಒರೆಸಿಕೊಳ್ಳುತ್ತ ಪ್ರಭುವಿನ ಹಳೆಯ ಮಾತನ್ನು ನೆನೆದೆ. ಆಕಾಶದಲ್ಲಿ ಏನೋ ಕಂಡೆ ಎಂದ ವಿಮಾನದವರನ್ನು ಕಣ್ಣಿನ ಡಾಕ್ಟರ ಬಳಿ ಕಳಿಸುತ್ತಾರಂತೆ. ಕಾಣಲಿಲ್ಲ ಎಂದದ್ದಕ್ಕೆ ಹೋಗಿಬಂದವನು ನಾನೊಬ್ಬನೇ. ಅದೂ ನಾನೇ ಹಾರಿಸಿದ ತಟ್ಟೆ!